ಹಿಣಿಲಿಗೆ ಮೂಳೆಯಿಲ್ಲ: ಶಾಲೆಗೆ ಡೈನೋಸಾರ್ ಮಾಡುವವರಿಗೆ

ಬಿಳಿಗೆರೆ ಹೋಬಳಿಯಲ್ಲಿ ಎಲ್ಲಿ ಬೋರ್‌ವೆಲ್ ಕೊರೆಸಿದರೂ ಡೈನೋಸಾರ್ ಮೂಳೆ ಮೇಲೆ ಬರುವುದಿಲ್ಲ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹೊಲದ ಮಣ್ಣಿನಡಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಕಲ್ಲು. ಡೈನೋಸಾರ್‌ಗಳು ಬಾಳಿದ್ದು ಸುಮಾರು 23 ಕೋಟಿ ವರ್ಷದ ಹಿಂದಿನಿಂದ 6.6 ಕೋಟಿ ವರ್ಷದ ಹಿಂದಿನವರೆಗೆ. ಆ ಕಾಲದ ಹೂಳು ಕಲ್ಲಾಗಿ ಉಳಿದಿದ್ದರೆ ಅದರೊಳಗೆ ಮೂಳೆಯೂ ಉಳಿಯುತ್ತಿತ್ತು. ನಮ್ಮ ಭಾಗದಲ್ಲಿ ಅಂಥ ಪದರವೇ ಇಲ್ಲ.

ಹೀಗಾಗಿ ಇಲ್ಲಿಯ ಮಕ್ಕಳಿಗೆ ಡೈನೋಸಾರ್ ಪರಿಚಯವಾಗುವುದು ಮಾದರಿಗಳಿಂದಲೇ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನ, ಗಣೇಶನ ಪೆಂಡಾಲಿನ ದೃಶ್ಯ, ನಂಜನಗೂಡಿನ ಜಾತ್ರೆಯ ಆಟಿಕೆ ಅಂಗಡಿ, ಸ್ಕೂಲ್ ಬ್ಯಾಗಿನ ಮೇಲಿನ ಚಿತ್ರ ಇವೇ ಅವರ ಪಾಠಪುಸ್ತಕ. ಹಸುವಿಗೆ ಕೊಂಬನ್ನು ತಪ್ಪು ಜಾಗದಲ್ಲಿ ಬರೆದ ಮಗು ಸಂಜೆ ಕೊಟ್ಟಿಗೆಗೆ ಹೋದರೆ ತಾನೇ ತಿದ್ದಿಕೊಳ್ಳುತ್ತದೆ. ಡೈನೋಸಾರ್ ವಿಷಯದಲ್ಲಿ ತಿದ್ದಿಕೊಳ್ಳಲು ಪ್ರಾಣಿ ಎದುರಿಗಿಲ್ಲ. ಒಮ್ಮೆ ತಪ್ಪಾಗಿ ಮಾಡಿದ ಮಾದರಿ ಶಾಲೆಯ ಬೀರುವಿನ ಮೇಲೆ ವರ್ಷಗಟ್ಟಲೆ ಕೂತು ಅದೇ ತಪ್ಪನ್ನು ಕಲಿಸುತ್ತಿರುತ್ತದೆ. ಮಾಡುವ ಕೈಗಳ ಜವಾಬ್ದಾರಿ ದೊಡ್ಡದು. ಶಾಲೆಯ ಮೇಷ್ಟ್ರು ಮೇಡಂಗಳಿಗೆ, ಗಣಪತಿ ಮಾಡುವ ಕುಶಲಿಗಳಿಗೆ, ರಾತ್ರಿ ಮಕ್ಕಳ ಜೊತೆ ಕೂತು ಥರ್ಮಾಕೋಲ್ ಕೊಯ್ಯುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ ಎಂದು ಈ ಬರಹ.

ಯಾವ ಪ್ರಾಣಿ ಮಾಡಬೇಕು?

ಟಿ. ರೆಕ್ಸ್ ಬೇಡ. ಅದು ಉತ್ತರ ಅಮೆರಿಕದ್ದು, ಎಲ್ಲರೂ ಮಾಡುವಂಥದ್ದು. ಭಾರತದ ನೆಲದಲ್ಲೇ ಸಿಕ್ಕ, ಭಾರತದ ವಿಜ್ಞಾನಿಗಳೇ ಅಗೆದು ಹೊರತೆಗೆದ ಡೈನೋಸಾರ್‌ಗಳಿರುವಾಗ ಅವನ್ನೇ ಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದು ಬಾರಾಪಾಸಾರಸ್. ಉದ್ದ ಕತ್ತು, ಕಂಬದಂಥ ನಾಲ್ಕು ಕಾಲು, ಸುಮಾರು 14 ಮೀಟರ್ ಉದ್ದದ ಸಸ್ಯಾಹಾರಿ. ಗೋದಾವರಿ ಕಣಿವೆಯ ಪೋಚಂಪಲ್ಲಿ ಬಳಿ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು ಅಗೆದಾಗ ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದ ಸುಮಾರು 300 ಮೂಳೆಗಳು ಸಿಕ್ಕವು. ಉತ್ಖನನ ನಡೆದಿದ್ದ 1961 ರವೀಂದ್ರನಾಥ ಟ್ಯಾಗೋರರ ಜನ್ಮಶತಾಬ್ದಿಯ ವರ್ಷ. ಆ ನೆನಪಿಗೆ 1975ರಲ್ಲಿ ಇದಕ್ಕೆ ಬಾರಾಪಾಸಾರಸ್ ಟಾಗೋರೈ ಎಂದು ಹೆಸರಿಟ್ಟರು. ಜೋಡಿಸಿದ ಅಸ್ಥಿಪಂಜರ ಕೋಲ್ಕತ್ತದ ಆ ಸಂಸ್ಥೆಯಲ್ಲಿ ನಿಂತಿದೆ.

ಎರಡನೆಯದು ಮಾಂಸಾಹಾರಿ ರಾಜಾಸಾರಸ್ ನರ್ಮದೆನ್ಸಿಸ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಅವರು 1982ರಿಂದ 84ರ ನಡುವೆ ಗುಜರಾತಿನ ರಹಿಯೋಲಿಯಲ್ಲಿ ಅಗೆದ ಮೂಳೆಗಳನ್ನು ಆಧರಿಸಿ 2003ರಲ್ಲಿ ಇದಕ್ಕೆ ಹೆಸರು ಕೊಡಲಾಯಿತು. ಮೂರನೆಯದು ಮಹಾರಾಷ್ಟ್ರದ ಡೋಂಗರಗಾಂವ್ ಗುಡ್ಡದ ಐಸಿಸಾರಸ್. ಇದೂ ಉದ್ದ ಕತ್ತಿನ ಗುಂಪಿನದೇ, ಆದರೆ ಮುಂಗಾಲು ವಿಶೇಷ ಉದ್ದ.

ಡೈನೋಸಾರ್ ಮಾತ್ರವೇ ಪ್ರಾಚೀನ ಪ್ರಾಣಿ ಎಂದುಕೊಳ್ಳಬೇಕಾಗಿಲ್ಲ. ನಮ್ಮ ರಾಜ್ಯದ್ದೇ ಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆ ಗೋಕಾಕದ ಘೇಂಡಾಮೃಗ ಇದೆ. ರಾಬರ್ಟ್ ಬ್ರೂಸ್ ಫೂಟ್ ಅದರ ಪಳೆಯುಳಿಕೆಯನ್ನು ವಿವರಿಸಿ 1874ರಲ್ಲಿ ರೈನೋಸೆರಾಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ, ಕೆ. ಪದ್ದಯ್ಯ ಅವರು ದಶಕಗಟ್ಟಲೆ ಅಧ್ಯಯನ ಮಾಡಿದ ಹಳೆಯ ಶಿಲಾಯುಗದ ನೆಲೆಗಳಲ್ಲಿ, ಕಲ್ಲಿನ ಉಪಕರಣಗಳ ಜೊತೆಗೆ ಆನೆ ಮತ್ತು ದನದ ಜಾತಿಯ ಹಲ್ಲುಗಳು ಸಿಕ್ಕಿವೆ. ತಿ. ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ ಅವರು ಅಗೆಸಿದ ನವಶಿಲಾಯುಗದ ನೆಲೆ ಇರುವಾಗ ಅಲ್ಲಿಯ ಶಾಲೆಗಳು ಈ ದಾರಿ ಹಿಡಿದರೆ ಇನ್ನೂ ಚೆನ್ನ. ಮಕ್ಕಳಿಗೆ ತಮ್ಮ ಊರು ಎಷ್ಟು ಹಳೆಯದೆಂಬುದೂ ಅದರ ಜೊತೆಗೇ ತಿಳಿಯುತ್ತದೆ.

ಮೊದಲ ಪ್ರಶ್ನೆ: ಮೂಳೆ ಎಷ್ಟು ಸಿಕ್ಕಿದೆ?

ಪ್ರಾಣಿ ಆರಿಸಿದ ಮೇಲೆ ಬಣ್ಣದ ಚಿತ್ರ ಹುಡುಕಬೇಡಿ. ಅಸ್ಥಿಪಂಜರದ ರೇಖಾಚಿತ್ರ ಹುಡುಕಿ. ಪಕ್ಕದಿಂದ ನೋಡಿದಂತೆ ಬರೆದಿರುವ, ಸಿಕ್ಕ ಮೂಳೆಗಳನ್ನು ಬೇರೆ ಬಣ್ಣದಲ್ಲಿ ತೋರಿಸಿರುವ ಚಿತ್ರಗಳಿರುತ್ತವೆ. ಒಳ್ಳೆಯ ಮಾದರಿಗೆ ಅದೇ ಆಧಾರ. ಈಗ ಫೋನಿನಲ್ಲಿ ಕೇಳಿದ ಕೂಡಲೇ ಕೃತಕ ಬುದ್ಧಿಮತ್ತೆ ಬರೆದುಕೊಡುವ ಚಿತ್ರಗಳನ್ನು ನೋಡಿ ಮಾಡುವುದು ಹೆಚ್ಚಾಗಿದೆ. ಅವು ನೂರಾರು ಹಳೆಯ ತಪ್ಪು ಚಿತ್ರಗಳ ಮಿಶ್ರಣ. ಬೆರಳು ಎಣಿಸಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಬಾರಾಪಾಸಾರಸ್‌ನ ಮೈಮೂಳೆ ಅಷ್ಟೊಂದು ಸಿಕ್ಕರೂ ತಲೆಬುರುಡೆ ಸಿಕ್ಕಿಲ್ಲ. ಸಿಕ್ಕಿದ್ದು ಕೆಲವು ಹಲ್ಲು ಮಾತ್ರ. ಅಂದರೆ ನೀವು ನೋಡುವ ಪ್ರತಿ ಬಾರಾಪಾಸಾರಸ್‌ನ ತಲೆಯೂ ಅದರ ಸಂಬಂಧಿಗಳಿಂದ ಎರವಲು ತಂದದ್ದು. ರಾಜಾಸಾರಸ್‌ನದು ಇನ್ನೊಂದು ಬಗೆ. ತಲೆಬುರುಡೆಯ ಹಿಂಭಾಗ, ಬೆನ್ನುಮೂಳೆಗಳು, ಸೊಂಟ, ಹಿಂಗಾಲು, ಬಾಲದ ಭಾಗಗಳು ಇವೆ. ಹಣೆಯ ನಡುವೆ ಒಂದು ಮೊಂಡು ಕೊಂಬು ಇತ್ತೆಂಬುದು ಮೂಳೆಯಿಂದಲೇ ಗೊತ್ತು. ಮುಂಗೈ ಮಾತ್ರ ಮಡಗಾಸ್ಕರಿನ ಮಜುಂಗಾಸಾರಸ್, ಅರ್ಜೆಂಟೀನಾದ ಕಾರ್ನೊಟಾರಸ್ ಎಂಬ ಸಂಬಂಧಿಗಳನ್ನು ನೋಡಿ ಮಾಡಬೇಕಾದದ್ದು. ಆ ಎರಡಕ್ಕೂ ಕೈ ಬಹಳ ಗಿಡ್ಡ, ಬೆರಳು ನಾಲ್ಕು. ರಾಜಾಸಾರಸ್‌ನ ಉದ್ದವನ್ನೂ 6.6 ಮೀಟರಿನಿಂದ 9 ಮೀಟರಿನವರೆಗೆ ಬೇರೆ ಬೇರೆ ವಿಜ್ಞಾನಿಗಳು ಬೇರೆ ಬೇರೆಯಾಗಿ ಅಂದಾಜಿಸಿದ್ದಾರೆ.

ಗುಜರಾತಿನ ಕಚ್ಛ್‌ನ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ವಾಸುಕಿ ಇಂಡಿಕಸ್ ಎಂಬ ಹಾವು 2024ರಲ್ಲಿ ಬಹಳ ಸುದ್ದಿಯಾಯಿತು. 11ರಿಂದ 15 ಮೀಟರ್ ಉದ್ದ ಎಂಬ ಅಂದಾಜು ಎಲ್ಲರಿಗೂ ನೆನಪಿದೆ. ಅದು ನಿಂತಿರುವುದು 27 ಬೆನ್ನುಮೂಳೆಗಳ ಮೇಲೆ, ತಲೆ ಸಿಕ್ಕಿಲ್ಲ ಎನ್ನುವುದು ಅಷ್ಟು ಮಂದಿಗೆ ನೆನಪಿಲ್ಲ. ಅದಕ್ಕೆ ಹೆಡೆ ಬಿಚ್ಚಿಸಿ ಮಾಡುವುದಂತೂ ಖಂಡಿತ ಸಲ್ಲದು. ಅದು ನಾಗರಹಾವಿನ ಬಳಗಕ್ಕೆ ಸೇರಿದ್ದಲ್ಲ, ಮ್ಯಾಡ್ಸೊಯಿಡೇ ಎಂಬ ಅಳಿದುಹೋದ ಬೇರೆಯೇ ವಂಶದ್ದು.

ಒಂದು ಮೂಳೆ ತಪ್ಪು ಜಾಗಕ್ಕೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಇಗ್ವಾನೊಡಾನ್ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. 1825ರಲ್ಲಿ ಗಿಡಿಯನ್ ಮ್ಯಾಂಟೆಲ್ ಹೆಸರಿಟ್ಟ ಈ ಪ್ರಾಣಿಯ ಒಂದು ಚೂಪು ಮೂಳೆಯನ್ನು ಮೂಗಿನ ಕೊಂಬು ಎಂದುಕೊಂಡರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್, ರಿಚರ್ಡ್ ಓವನ್ ಅವರ ಸಲಹೆಯಂತೆ, ಅದನ್ನು ಘೇಂಡಾಮೃಗದಂತೆ ನಾಲ್ಕು ದಪ್ಪ ಕಾಲಿನ ಮೇಲೆ ನಿಲ್ಲಿಸಿದರು. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ಟ್ ಕಲ್ಲಿದ್ದಲು ಗಣಿಯಲ್ಲಿ ಇಡೀ ಅಸ್ಥಿಪಂಜರಗಳೇ ಸಿಕ್ಕಾಗ ಆ ಕೊಂಬು ಹೆಬ್ಬೆರಳಿನ ಮುಳ್ಳು ಎಂದು ಗೊತ್ತಾಯಿತು. ಆಗ ಲೂಯಿ ಡೊಲೊ ಅದನ್ನು ಕಾಂಗರೂ ಥರ ನೆಟ್ಟಗೆ ಕೂರಿಸಿದರು. ಹಾಗೆ ಕೂರಿಸಲು ನೇರವಾಗಿದ್ದ ಬಾಲವನ್ನು ಬಗ್ಗಿಸಬೇಕಾಯಿತು. ಬೆನ್ನು ನೆಲಕ್ಕೆ ಅಡ್ಡಲಾಗಿ, ಬಾಲ ಹಿಂದಕ್ಕೆ ಚಾಚಿ ನಡೆಯುತ್ತಿದ್ದ ಪ್ರಾಣಿ ಅದು ಎಂದು ಡೇವಿಡ್ ನಾರ್ಮನ್ ತೋರಿಸಿಕೊಟ್ಟದ್ದು 1980ರಲ್ಲಿ. ಹಾಕಿನ್ಸರ ಮಾದರಿ ಇಂದಿಗೂ ಅಲ್ಲಿಯೇ ಇದೆ. ಅವರ ಕಾಲಕ್ಕೆ ಸಿಕ್ಕಷ್ಟು ಮೂಳೆಗೆ ಅವರು ನಿಯತ್ತಾಗಿ ನಡೆದುಕೊಂಡರು, ಅದನ್ನು ಗೌರವದಿಂದಲೇ ನೋಡಬೇಕು. ಇಂದು ಅಷ್ಟೆಲ್ಲ ಗೊತ್ತಿದ್ದೂ ಬಾಲ ನೆಲಕ್ಕೆ ಎಳೆಯುವ ಡೈನೋಸಾರ್ ಮಾಡಿದರೆ ಆ ಗೌರವ ನಮಗೆ ಸಿಗದು.

ಕೊಟ್ಟಿಗೆಯಲ್ಲಿ, ಹಿತ್ತಲಲ್ಲಿ ಕಲಿಯಬೇಕಾದ್ದು

ಅಸ್ಥಿಪಂಜರದ ಚಿತ್ರ ಸಿಕ್ಕಿತು. ಅದರ ಮೇಲೆ ಮಾಂಸ, ಚರ್ಮ ಹೇಗೆ ಕೂರುತ್ತದೆ ಎಂದು ಕಲಿಸುವುದು ಪುಸ್ತಕಕ್ಕಿಂತ ನಮ್ಮ ಹಳ್ಳಿಯ ಪ್ರಾಣಿಗಳೇ. ಪಟ್ಟಣದ ಮಗುವಿಗಿಲ್ಲದ ಅನುಕೂಲ ಬಿಳಿಗೆರೆಯ ಮಗುವಿಗಿದೆ.

ಹಳ್ಳಿಕಾರ್ ಎತ್ತಿನಿಂದ ಶುರುಮಾಡಿ. ಅದರ ಹಿಣಿಲು ಎದ್ದು ನಿಂತಿರುತ್ತದೆ, ದೂರದಿಂದಲೇ ಗುರುತು ಸಿಗುವುದು ಅದರಿಂದ. ಕೈಯಿಟ್ಟು ಒತ್ತಿ ನೋಡಿದರೆ ಅದರೊಳಗೆ ಮೂಳೆಯಿಲ್ಲ, ಸ್ನಾಯು ಮತ್ತು ಕೊಬ್ಬು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿಗೂ ಮೂಳೆಯಿಲ್ಲ, ಕಿವಿಗೂ ಇಲ್ಲ. ಎತ್ತನ್ನೇ ಕಾಣದ ಒಬ್ಬ ಕಲಾವಿದನಿಗೆ ಅದರ ಮೂಳೆಗಳನ್ನಷ್ಟೇ ಕೊಟ್ಟರೆ ಹಿಣಿಲು, ಗಂಗೆದೊಗಲು, ಕಿವಿ ಯಾವುದೂ ಇಲ್ಲದ ಬೋಳು ಪ್ರಾಣಿಯೊಂದನ್ನು ಬರೆದಾನು. ಆನೆಯ ತಲೆಬುರುಡೆಯಲ್ಲೂ ಸೊಂಡಿಲಿಗೆ ಮೂಳೆಯಿಲ್ಲ. ಹಣೆಯ ನಡುವೆ ದೊಡ್ಡದೊಂದು ಮೂಗಿನ ಕಂಡಿ ಮಾತ್ರ ಇರುತ್ತದೆ.

ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ನವಶಿಲಾಯುಗದ ಜನ ಕಲ್ಲಿನಿಂದ ಕುಟ್ಟಿ ಮೂಡಿಸಿದ ಗೂಳಿಗಳಿಗೆ ಹಿಣಿಲು ಇದೆ, ಉದ್ದ ಕೊಂಬಿದೆ. ಅವರು ಪ್ರಾಣಿಯನ್ನು ಕಣ್ಣಾರೆ ಕಂಡು ಬರೆದವರು. ಹೀಗಾಗಿ ಆ ಚಿತ್ರಗಳು ಮೂಳೆ ಹೇಳದ ಸಂಗತಿಗೆ ಸಾಕ್ಷಿಯಾಗುತ್ತವೆ. ಡೈನೋಸಾರ್‌ಗಳನ್ನು ಕಂಡು ಬರೆದ ಮನುಷ್ಯರು ಯಾರೂ ಇರಲಿಲ್ಲ. ಅಲ್ಲಿ ಮೂಳೆ, ಅಪರೂಪಕ್ಕೆ ಸಿಗುವ ಚರ್ಮದ ಅಚ್ಚು, ಹೆಜ್ಜೆಗುರುತು ಇಷ್ಟೇ ಸಾಕ್ಷಿ.

ತಲೆಬುರುಡೆಗೆ ಚರ್ಮ ಬಿಗಿದು ಅಂಟಿಸಿ, ಕಂಡಿಗಳೆಲ್ಲ ಗುಳಿಬಿದ್ದು, ಪಕ್ಕೆಲುಬು ಎಣಿಸುವಂತೆ ಮಾಡಿದ ಡೈನೋಸಾರ್ ಉಪವಾಸ ಬಿದ್ದ ಪ್ರಾಣಿಯಂತೆ ಕಾಣುತ್ತದೆ. ಬಹಳ ಕಾಲ ವೃತ್ತಿನಿರತ ಕಲಾವಿದರೂ ಹಾಗೆಯೇ ಬರೆಯುತ್ತಿದ್ದರು. 2012ರಲ್ಲಿ ಬಂದ ‘ಆಲ್ ಯೆಸ್ಟರ್‌ಡೇಸ್’ ಪುಸ್ತಕ ಇದನ್ನೇ ಎತ್ತಿ ತೋರಿಸಿತು. ಇಂದಿನ ಪ್ರಾಣಿಗಳನ್ನು ಬರೀ ಮೂಳೆ ನೋಡಿ ಬರೆದರೆ ಎಂಥ ವಿಕಾರ ಹುಟ್ಟುತ್ತದೆ ಎಂದು ಚಿತ್ರಸಮೇತ ಹೇಳಿತು. ಮರುವರ್ಷವೇ ಕೆನಡಾದಿಂದ ಒಂದು ಸುದ್ದಿ ಬಂತು. ಎಡ್ಮಂಟೊಸಾರಸ್ ಎಂಬ ಸಸ್ಯಾಹಾರಿ ಡೈನೋಸಾರ್‌ನ ತಲೆಯ ಮೇಲೆ ಹುಂಜದ ಜುಟ್ಟಿನಂಥ ಮಾಂಸದ ಉಬ್ಬು ಇದ್ದದ್ದು ಪಳೆಯುಳಿಕೆಯಲ್ಲಿ ಉಳಿದುಕೊಂಡಿತ್ತು. ಅದಕ್ಕೂ ಮೂಳೆಯ ಆಧಾರವಿರಲಿಲ್ಲ. ಹಾಗೆಂದು ರಾಜಾಸಾರಸ್‌ಗೆ ಮನಬಂದಂತೆ ಜುಟ್ಟು ಇಡಬೇಕೆಂದಲ್ಲ. ಕತ್ತು, ತೊಡೆ, ಬಾಲದ ಬುಡಕ್ಕೆ ಸರಿಯಾಗಿ ಮಾಂಸ ತುಂಬಿ. ಹೊಟ್ಟೆಗೆ ಕರುಳು ಹಿಡಿಯುವಷ್ಟು ಜಾಗ ಕೊಡಿ. ಉಳಿದ ಅಲಂಕಾರಕ್ಕೆ ಸಂಬಂಧಿ ಪ್ರಾಣಿಯ ಆಧಾರವಿದ್ದರೆ ಮಾತ್ರ ಕೈ ಹಾಕಿ.

ಮುಂದಿನ ಗುರು ನಾಟಿ ಕೋಳಿ. ಹಕ್ಕಿಗಳು ಡೈನೋಸಾರ್ ವಂಶದ ಉಳಿದ ಕೊಂಬೆ ಎನ್ನುವುದು ಈಗ ವಿಜ್ಞಾನದಲ್ಲಿ ಒಪ್ಪಿತ ಸಂಗತಿ. ಕೋಳಿ ನಡೆಯುವಾಗ ಕಾಲು ನೋಡಿ. ಹಿಂದಕ್ಕೆ ಮಡಚಿದಂತೆ ಕಾಣುವ ಕೀಲನ್ನು ಎಲ್ಲರೂ ಮಂಡಿ ಎನ್ನುತ್ತಾರೆ. ಅದು ಹಿಮ್ಮಡಿಯ ಕೀಲು. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕ, ಪುಕ್ಕದೊಳಗೆ ಅಡಗಿರುತ್ತದೆ ಮತ್ತು ನಮ್ಮದರಂತೆಯೇ ಮುಂದಕ್ಕೆ ಬಾಗುತ್ತದೆ. ಎತ್ತಿನ ಹಿಂಗಾಲಿನಲ್ಲೂ ಅಷ್ಟೇ. ಎರಡು ಕಾಲಿನ ಮಾಂಸಾಹಾರಿ ಡೈನೋಸಾರ್ ಮಾಡುವಾಗ ತೊಡೆ, ಕಣಕಾಲು, ಪಾದದ ಮೂಳೆ, ಬೆರಳು ಎಂಬ ಈ ನಾಲ್ಕು ತುಂಡು ಸರಿಯಾಗಿ ಬಂದರೆ ಅರ್ಧ ಕೆಲಸ ಆದಂತೆ. ಅದು ಊರುವುದು ಬೆರಳಿನ ಮೇಲೆ. ಮುಂದೆ ಮೂರು ದೊಡ್ಡ ಬೆರಳು, ನೆಲ ಮುಟ್ಟದ ಒಂದು ಸಣ್ಣದು.

ಮನೆಯಲ್ಲಿ ಕೋಳಿ ಸಾರು ಮಾಡಿದ ದಿನ ಒಂದು ಕಾಲಿನ ಮೂಳೆಗಳನ್ನು ಎತ್ತಿಟ್ಟು, ಬಿಸಿನೀರಿನಲ್ಲಿ ಬೇಯಿಸಿ, ತೊಳೆದು, ಒಣಗಿಸಿ, ರಟ್ಟಿನ ಮೇಲೆ ಅನುಕ್ರಮವಾಗಿ ಅಂಟಿಸಿ. ಎದೆಯ ಮೇಲಿನ ವಿ ಆಕಾರದ ಮೂಳೆಯನ್ನೂ ಇಡಿ. ಮಾಂಸಾಹಾರಿ ಡೈನೋಸಾರ್‌ಗಳಿಗೂ ಅದೇ ಮೂಳೆ ಇತ್ತು. ನಿಮ್ಮ ಮಾದರಿಯ ಪಕ್ಕದಲ್ಲಿ ಈ ರಟ್ಟು ಇದ್ದರೆ ನೋಡುವವರಿಗೆ ವಾದವೇ ಬೇಕಾಗುವುದಿಲ್ಲ.

ಹೊಲದಲ್ಲಿ ಕಾಣುವ ಓತಿಕ್ಯಾತ, ಉಡ, ನದಿಯ ಮೊಸಳೆ ಇವುಗಳನ್ನೂ ನೋಡಬೇಕು, ದೂರದಿಂದ. ಉಡ, ಮೊಸಳೆಗಳು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿಗಳು, ಹಿಡಿಯುವುದು ಅಪರಾಧ. ಹಲ್ಲಿ ಜಾತಿಯವುಗಳ ತೊಡೆ ಮೈಯಿಂದ ಅಡ್ಡಕ್ಕೆ ಚಾಚಿರುತ್ತದೆ. ಡೈನೋಸಾರ್ ತೊಡೆ ಎತ್ತಿನ ತೊಡೆಯಂತೆ ಮೈಯ ಕೆಳಗೇ ನೇರ ಇಳಿಯುತ್ತದೆ. ಬಾರಾಪಾಸಾರಸ್‌ಗೆ ಹಲ್ಲಿಯ ಕಾಲು ಜೋಡಿಸಿದರೆ ಅದು ಡೈನೋಸಾರೇ ಅಲ್ಲ.

ಉದ್ದ ಕತ್ತಿನವುಗಳಿಗೆ ಆನೆಯ ಕಾಲನ್ನೇ ನಕಲು ಮಾಡುವುದು ಇನ್ನೊಂದು ತಪ್ಪು. ಕಂಬದಂತೆ ನೇರ ಎನ್ನುವವರೆಗೆ ಆನೆ ಸರಿ. ಆದರೆ ಸುತ್ತಲೂ ಆನೆಯ ಉಗುರುಗಳನ್ನು ಕೊರೆಯಬಾರದು. ಈ ಗುಂಪಿನ ಬಹುತೇಕ ಪ್ರಾಣಿಗಳ ಮುಂಪಾದದಲ್ಲಿ ದೊಡ್ಡ ಉಗುರು ಇದ್ದದ್ದು ಒಳಬದಿಯ ಹೆಬ್ಬೆರಳಿಗೆ ಮಾತ್ರ. ಐಸಿಸಾರಸ್ ಸೇರುವ ಟೈಟನೋಸಾರ್ ವಂಶದಲ್ಲಂತೂ ಅದೂ ಹೋಗಿ, ಮುಂಪಾದ ಬೆರಳಿಲ್ಲದ ಮೊಂಡು ಕಂಬ.

ಬಿಡುವು ಮಾಡಿಕೊಂಡು ಮೈಸೂರಿಗೆ ಹೋಗಿಬನ್ನಿ. 1892ರಲ್ಲಿ ಶುರುವಾದ ಮೃಗಾಲಯದಲ್ಲಿ ಆನೆ, ಘೇಂಡಾಮೃಗ, ಜಿರಾಫೆಗಳ ಮುಂದೆ ಮಕ್ಕಳನ್ನು ಓಡಿಸಿಕೊಂಡು ಹೋಗದೆ ಒಂದು ಪ್ರಾಣಿಯ ಎದುರು ಅರ್ಧ ಗಂಟೆ ಕೂರಿಸಿ ಕಾಲಿನ ಕೀಲುಗಳನ್ನಷ್ಟೇ ಬರೆಯಲು ಹೇಳಿ. ಅಲ್ಲಿಂದ ಹತ್ತಿರದಲ್ಲೇ, ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರವನ್ನೂ ಈ ಕಣ್ಣಿನಿಂದ ನೋಡಬಹುದು. 1268ರ ಕೇಶವ ದೇವಾಲಯದ ತಳಪಟ್ಟಿಯಲ್ಲಿ ಸಾಲು ಆನೆಗಳಿವೆ, ಮೇಲಿನ ಪಟ್ಟಿಯಲ್ಲಿ ಮಕರಗಳಿವೆ. ಆನೆ ಶಿಲ್ಪಿ ಕಂಡ ಪ್ರಾಣಿ. ಮಕರ ಹಲವು ಪ್ರಾಣಿಗಳ ಅಂಗ ಸೇರಿಸಿ ಕಟ್ಟಿದ್ದು. ಅದರ ಸೊಗಸು ಅದಕ್ಕೆ. ಎರಡರ ಕಾಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಮಕ್ಕಳಿಗೆ ಹೇಳಿ. ವಿಜ್ಞಾನ ಪ್ರದರ್ಶನಕ್ಕೆ ನಾವು ಮಾಡಬೇಕಾದದ್ದು ಆನೆಯ ಬಗೆಯ ಕೆಲಸ.

ಕೈ, ಬಾಲ, ಕಣ್ಣು, ಹಲ್ಲು

ನೂರಕ್ಕೆ ತೊಂಬತ್ತು ಆಟಿಕೆಗಳಲ್ಲಿ ತಪ್ಪುವುದು ಕೈ. ಮಾಂಸಾಹಾರಿ ಡೈನೋಸಾರ್‌ಗಳ ಅಂಗೈ ನೆಲದ ಕಡೆಗೆ ತಿರುಗಿರುವಂತೆ, ಯಾರನ್ನೋ ಹೆದರಿಸುವಂತೆ ಮಾಡಿರುತ್ತಾರೆ. ಅವುಗಳ ಮುಂಗೈ ಮೂಳೆಗಳು ಹಾಗೆ ತಿರುಗುವುದೇ ಇಲ್ಲ. ಅಂಗೈಗಳು ಒಂದಕ್ಕೊಂದು ಎದುರಾಗಿ, ಚಪ್ಪಾಳೆಗೆ ಸಿದ್ಧವಾದಂತಿರಬೇಕು. ಜಾತ್ರೆಯಲ್ಲಿ ತಂದ ಮೆದು ಪ್ಲಾಸ್ಟಿಕ್ ಆಟಿಕೆಯಾದರೆ ದೊಡ್ಡವರು ಕೈಭಾಗವನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ತಿರುಗಿಸಿ ತಣ್ಣೀರಿಗೆ ಹಾಕಿದರೆ ಸರಿಯಾಗುತ್ತದೆ.

ಬಾಲ ನೆಲಕ್ಕೆ ತಾಗಬಾರದು. ಬುಡದಲ್ಲಿ ತೆಳ್ಳಗಿರಲೂಬಾರದು, ಏಕೆಂದರೆ ತೊಡೆಯನ್ನು ಹಿಂದಕ್ಕೆಳೆಯುವ ದೊಡ್ಡ ಸ್ನಾಯು ಇರುವುದೇ ಬಾಲದ ಬುಡದಲ್ಲಿ. ಇದಕ್ಕೆ ಸರಳವಾದ ಪರೀಕ್ಷೆ ಇದೆ. ರಾಜಾಸಾರಸ್ ಮಾದರಿಯನ್ನು ಸೊಂಟದ ಕೆಳಗೆ ಎರಡು ಬೆರಳಿಟ್ಟು ಎತ್ತಿ. ತಲೆ ಮುಂದಕ್ಕೆ ಬಾಗಿಬಿಟ್ಟರೆ ಬಾಲ ಸಾಲದು ಎಂದರ್ಥ. ಬಾಲ ತುಂಬಿಸಿದಂತೆಲ್ಲ ಮಾದರಿ ತಾನಾಗಿ ಎರಡು ಕಾಲಿನ ಮೇಲೆ ನಿಲ್ಲತೊಡಗುತ್ತದೆ.

ತಲೆಬುರುಡೆಯ ಪಕ್ಕದಲ್ಲಿ ನಾಲ್ಕಾರು ಕಂಡಿಗಳಿರುತ್ತವೆ. ಕಣ್ಣನ್ನು ಮೂಗಿಗೂ ಕಣ್ಣಿಗೂ ನಡುವಿನ ದೊಡ್ಡ ಕಂಡಿಯಲ್ಲಿ ಇಟ್ಟುಬಿಡುವುದು ಸಾಮಾನ್ಯ. ಅಸ್ಥಿಪಂಜರದ ಚಿತ್ರದಲ್ಲಿ ಕಣ್ಣಿನ ಗೂಡು ಯಾವುದೆಂದು ಮೊದಲೇ ಗುರುತು ಹಾಕಿಕೊಳ್ಳಿ. ಮೂಗಿನದು ಬಿಟ್ಟು ಉಳಿದ ಕಂಡಿಗಳು ಹೊರಗೆ ಕಾಣುವುದೇ ಇಲ್ಲ, ಮಾಂಸ ಚರ್ಮಗಳ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಬಾಯಿ ಮುಚ್ಚಿದಾಗ ಹಲ್ಲು ಕಾಣಬೇಕೇ ಎನ್ನುವ ಬಗ್ಗೆ 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಟಿ. ರೆಕ್ಸ್‌ನಂಥವುಗಳಿಗೂ ಉಡಕ್ಕಿರುವಂತೆ ಹಲ್ಲು ಮುಚ್ಚುವ ತುಟಿಗಳಿದ್ದವು ಎಂದು ವಾದಿಸಿತು. ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ನಾನಾದರೆ ಬಾಯಿ ಮುಚ್ಚಿಸಿ, ತುಟಿ ಕೊಟ್ಟು ಮಾಡುತ್ತೇನೆ. ದಿನವಿಡೀ ಬಾಯಿ ತೆರೆದು ಗರ್ಜಿಸುವ ಪ್ರಾಣಿ ಯಾವ ಕಾಡಲ್ಲೂ ಇಲ್ಲ.

ಪುಕ್ಕದ ವಿಷಯ ಪ್ರಾಣಿಯಿಂದ ಪ್ರಾಣಿಗೆ ಬೇರೆ. 1996ರಲ್ಲಿ ಚೀನಾದ ಸೈನೋಸಾರಾಪ್ಟೆರಿಕ್ಸ್ ಮೈಮೇಲೆ ತುಪ್ಪುಳು ಸಿಕ್ಕಿತು. ವೆಲೋಸಿರಾಪ್ಟರ್‌ನ ಮುಂಗೈ ಮೂಳೆಯಲ್ಲಿ ಗರಿ ನೆಟ್ಟ ಗುರುತುಗಳು 2007ರಲ್ಲಿ ಕಂಡವು. ಸಿನಿಮಾದಲ್ಲಿ ಮನುಷ್ಯನಷ್ಟೆತ್ತರ ಬೋಳುಮೈಯಲ್ಲಿ ಓಡುವ ವೆಲೋಸಿರಾಪ್ಟರ್ ನಿಜಕ್ಕೂ ಟರ್ಕಿ ಕೋಳಿಯಷ್ಟು ಗಾತ್ರದ ಗರಿಯ ಪ್ರಾಣಿ. ಆದರೆ ರಾಜಾಸಾರಸ್‌ನ ಸಂಬಂಧಿ ಕಾರ್ನೊಟಾರಸ್‌ನ ಚರ್ಮದ ಅಚ್ಚಿನಲ್ಲಿ ಹುರುಪೆಗಳೇ ಇವೆ. ನಮ್ಮ ರಾಜಾಸಾರಸ್‌ಗೆ ಪುಕ್ಕ ಬೇಡ.

ಅಳತೆ ಮತ್ತು ಸಾಮಗ್ರಿ

ಶಾಲೆಯ ಮೇಜಿಗೆ ಒಂದಕ್ಕೆ ಇಪ್ಪತ್ತರ ಅಳತೆ ಹಿತ. 14 ಮೀಟರಿನ ಬಾರಾಪಾಸಾರಸ್ 70 ಸೆಂಟಿಮೀಟರ್ ಆಗುತ್ತದೆ. ಅದರ 1.7 ಮೀಟರಿನ ತೊಡೆಮೂಳೆ ಎಂಟೂವರೆ ಸೆಂಟಿಮೀಟರ್. 7 ಮೀಟರ್ ಎಂದು ಹಿಡಿದರೆ ರಾಜಾಸಾರಸ್ 35 ಸೆಂಟಿಮೀಟರ್. ಪಕ್ಕದಲ್ಲಿ ಅದೇ ಅಳತೆಯ ಒಬ್ಬ ಮನುಷ್ಯ, ಸುಮಾರು ಎಂಟು ಸೆಂಟಿಮೀಟರ್, ಮತ್ತು ಏಳು ಸೆಂಟಿಮೀಟರ್ ಎತ್ತರದ ಒಂದು ಹಳ್ಳಿಕಾರ್ ಎತ್ತು ನಿಲ್ಲಿಸಿ. ಗಾತ್ರ ಹೇಳಲು ಬೇರೆ ಫಲಕ ಬೇಡ.

ಅಸ್ಥಿಪಂಜರದ ಚಿತ್ರವನ್ನು ಅದೇ ಅಳತೆಗೆ ಜೆರಾಕ್ಸ್ ಮಾಡಿಸಿ ಮೇಜಿಗೆ ಅಂಟಿಸಿ, ಅದರ ಮೇಲೇ ದಪ್ಪ ಕಟ್ಟುತಂತಿ ಬಗ್ಗಿಸಿ. ಬೆನ್ನಿಗೆ ಒಂದೇ ತಂತಿ ತಲೆಯಿಂದ ಬಾಲದ ತುದಿವರೆಗೆ, ಕಾಲುಗಳಿಗೆ ಬೇರೆ. ಕೀಲು ಬರುವ ಜಾಗದಲ್ಲಿ ಮಾತ್ರ ತಂತಿ ಮಡಚಬೇಕು, ನಡುವೆ ಎಲ್ಲೂ ಬಾಗಬಾರದು. ಮೂಳೆ ನಡುವೆ ಬಾಗುವುದಿಲ್ಲವಲ್ಲ. ಅದರ ಮೇಲೆ ರದ್ದಿ ಕಾಗದ ಸುತ್ತಿ, ಮೈದಾ ಅಂಟಿನಲ್ಲಿ ಅದ್ದಿದ ಚೂರುಗಳನ್ನು ಪದರ ಪದರವಾಗಿ ಹಚ್ಚಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಜೇಡಿಮಣ್ಣಿನಲ್ಲಿ ಮಾಡುವ ಗಣಪತಿ ಕುಶಲಿಗಳಿಗೆ ಹೇಳಿಕೊಡಬೇಕಾದದ್ದಿಲ್ಲ. ಮಣ್ಣಿಗೆ ಹತ್ತಿ ಅಥವಾ ಸಣ್ಣಗೆ ಕೊಚ್ಚಿದ ಹುಲ್ಲು ಬೆರೆಸಿ ಬಿರುಕು ತಡೆಯುವುದು ಅವರ ಕೈಗೆ ಬಂದ ವಿದ್ಯೆ. ಉದ್ದ ಕತ್ತಿನ ಪ್ರಾಣಿಗೆ ಹಸಿಮಣ್ಣಿನ ಭಾರ ತಡೆಯದು, ಅದಕ್ಕೆ ಕಾಗದವೇ ಸರಿ.

ಚರ್ಮದ ಮೇಲೆ ಮೀನಿನ ಪೊರೆಯಂತೆ ದೊಡ್ಡ ಹುರುಪೆ ಕೊರೆಯಬೇಡಿ. ಡೈನೋಸಾರ್ ಹುರುಪೆಗಳು ಒಂದರ ಮೇಲೊಂದು ಹೊದ್ದವಲ್ಲ, ಪಕ್ಕಪಕ್ಕ ಕೂತ ಸಣ್ಣ ಗುಳ್ಳೆಗಳಂಥವು. ಒಂದು ಸೆಂಟಿಮೀಟರಿನ ಹುರುಪೆ ಈ ಅಳತೆಯಲ್ಲಿ ಅರ್ಧ ಮಿಲಿಮೀಟರ್ ಆಗುತ್ತದೆ, ಕಣ್ಣಿಗೆ ಕಾಣುವುದೇ ಕಷ್ಟ. ಮಂಕು ಬಣ್ಣ ಬಳಿದು, ಕೀಲಿನ ಬಳಿ ನಾಲ್ಕು ಸುಕ್ಕು ಮೂಡಿಸಿದರೆ ಸಾಕು.

ಬಣ್ಣ, ಹಿನ್ನೆಲೆ, ಚೀಟಿ

2010ರಿಂದೀಚೆಗೆ ಕೆಲವು ಗರಿಯ ಡೈನೋಸಾರ್‌ಗಳ ಬಣ್ಣವನ್ನು ಪಳೆಯುಳಿಕೆಯ ಬಣ್ಣಕಣಗಳಿಂದಲೇ ತಿಳಿಯಲಾಗಿದೆ; ಸೈನೋಸಾರಾಪ್ಟೆರಿಕ್ಸ್ ಬಾಲಕ್ಕೆ ಕೆಂಗಂದು, ಬಿಳಿ ಪಟ್ಟೆಗಳಿದ್ದವು. ಭಾರತದ ದೊಡ್ಡ ಡೈನೋಸಾರ್‌ಗಳಿಗೆ ಅಂಥ ಸಾಕ್ಷಿಯಿಲ್ಲದ ಕಾರಣ ಇಂದಿನ ದೊಡ್ಡ ಪ್ರಾಣಿಗಳ ದಾರಿ ಹಿಡಿಯುವುದು ಜಾಣತನ. ಆನೆ, ಕಾಟಿ, ಘೇಂಡಾಮೃಗ ಎಲ್ಲವೂ ಬೂದಿ, ಕಂದು, ಕಪ್ಪು. ಗಿಳಿಹಸಿರು ಬೇಡ.

ಹಿನ್ನೆಲೆಯಲ್ಲಿ ಹುಲ್ಲು ಹಾಕಬೇಕೇ? ಬಾರಾಪಾಸಾರಸ್ ಕಾಲಕ್ಕೆ ಹುಲ್ಲು ಹುಟ್ಟಿರಲಿಲ್ಲ. ಜರೀಗಿಡ, ಸೈಕಸ್, ಪೈನ್ ಬಳಗದ ಮರಗಳನ್ನು ನೆಡಿ. ರಾಜಾಸಾರಸ್ ಕಾಲದ ಉತ್ತರ ಬೇರೆ. ಮಹಾರಾಷ್ಟ್ರದ ಪಿಸ್ಡುರಾದಲ್ಲಿ ಸಿಕ್ಕ ಕಲ್ಲಾದ ಡೈನೋಸಾರ್ ಸಗಣಿಯೊಳಗೆ ಹುಲ್ಲಿನ ಜಾತಿಯ ಸಿಲಿಕಾ ಕಣಗಳನ್ನು 2005ರಲ್ಲಿ ವಂದನಾ ಪ್ರಸಾದ್ ಮತ್ತು ಸಂಗಡಿಗರು ಗುರುತಿಸಿದರು. ಡೈನೋಸಾರ್‌ಗಳು ಇದ್ದಾಗಲೇ ಹುಲ್ಲೂ ಇತ್ತು ಎಂದು ಜಗತ್ತಿಗೆ ತಿಳಿದದ್ದು ಈ ಭಾರತದ ಸಗಣಿಯಿಂದ. ರಾಜಾಸಾರಸ್ ಪಕ್ಕ ಎರಡು ಕಡ್ಡಿ ಹುಲ್ಲು ನೆಟ್ಟು ಆ ಸಂಗತಿಯನ್ನು ಬರೆದಿಡಿ, ತೀರ್ಪುಗಾರರು ಕೇಳದೆ ಇರಲಾರರು. ಜೊತೆಗೆ ಮ್ಯಾಮತ್‌ನ್ನೋ ಡೈಮೆಟ್ರೊಡಾನ್‌ನ್ನೋ ನಿಲ್ಲಿಸಬೇಡಿ. ಅವೆರಡೂ ಡೈನೋಸಾರ್‌ಗಳಲ್ಲ, ಕಾಲವೂ ಕೋಟಿಗಟ್ಟಲೆ ವರ್ಷ ಬೇರೆ.

ಕೊನೆಗೆ ಚೀಟಿ. ಮಾದರಿಯ ಮುಂದೆ ಪ್ರಾಣಿಯ ಗೆರೆಚಿತ್ರವೊಂದನ್ನು ಅಂಟಿಸಿ, ಮೂಳೆ ಸಿಕ್ಕ ಭಾಗಕ್ಕೆ ಒಂದು ಬಣ್ಣ, ಸಂಬಂಧಿ ಪ್ರಾಣಿಯಿಂದ ತಿಳಿದುಕೊಂಡ ಭಾಗಕ್ಕೆ ಇನ್ನೊಂದು, ಬರೀ ಊಹೆಗೆ ಮೂರನೆಯದು ತುಂಬಿ. ರಾಜಾಸಾರಸ್‌ನಲ್ಲಿ ಹಣೆಯ ಕೊಂಬು ಮೊದಲ ಬಣ್ಣಕ್ಕೆ, ಗಿಡ್ಡ ಕೈ ಎರಡನೆಯದಕ್ಕೆ, ಮೈಬಣ್ಣ ಮೂರನೆಯದಕ್ಕೆ ಬರುತ್ತದೆ. ಯಾವ ಊರಲ್ಲಿ ಸಿಕ್ಕಿತು, ಯಾರು ಅಗೆದರು, ಯಾವ ವರ್ಷ ಎಂಬುದನ್ನೂ ಕನ್ನಡದಲ್ಲಿ ಬರೆಯಿರಿ. ಬಹುಮಾನ ಕೊಡುವ ಶಿಕ್ಷಕರಲ್ಲಿ ಒಂದು ಮನವಿ: ಎತ್ತರಕ್ಕೆ, ಮಿಣುಕುವ ಕಣ್ಣಿನ ಬಲ್ಬಿಗೆ ಕೊಡುವ ಅಂಕವನ್ನು ಕಡಿಮೆ ಮಾಡಿ, ಈ ಚೀಟಿಗೆ ಮತ್ತು ಸರಿಯಾದ ಕೀಲಿಗೆ ಕೊಡಿ. ಈ ಸಲದ ಪ್ರದರ್ಶನಕ್ಕೆ ಒಂದು ಶಾಲೆ ರಾಜಾಸಾರಸ್, ಇನ್ನೊಂದು ಬಾರಾಪಾಸಾರಸ್, ಮತ್ತೊಂದು ಗೋಕಾಕದ ಘೇಂಡಾಮೃಗ ಎಂದು ಮೊದಲೇ ಹಂಚಿಕೊಂಡರೆ ಮೂರನ್ನೂ ಒಂದೇ ಮೇಜಿನ ಮೇಲೆ ನೋಡುವ ಅವಕಾಶ ಹೋಬಳಿಯ ಎಲ್ಲ ಮಕ್ಕಳಿಗೂ ಸಿಗುತ್ತದೆ.